ಶೇವಂತೆವ್ವನ ಬಿಜಾಪುರ ದಂಡಯಾತ್ರೆಗಳು

ಬಿಜಾಪುರವನ್ನು ಗೆಲ್ಲಲು ಔರಂಗಜೇಬನಿಗೆ ಒಂದು ವರ್ಷದ ಮೇಲೆ ಹಿಡಿಯಿತು. ಆನೆ, ಕುದುರೆ, ತೋಪು, ಲೆಕ್ಕವಿಲ್ಲದಷ್ಟು ದಂಡು. ತಾಂಬಾದ ಶೇವಂತೆವ್ವ ಅದೇ ಬಿಜಾಪುರವನ್ನು ಒಂದೇ ಹಗಲಿನಲ್ಲಿ ಗೆದ್ದು, ಸಂಜೆಯ ರೊಟ್ಟಿ ಬಡಿಯಲು ಮನೆಗೆ ಮರಳುತ್ತಿದ್ದಳು. ಆಕೆಯ ಬಳಿ ಇದ್ದದ್ದು ಒಂದು ಲಾರಿ, ಲಾರಿ ತುಂಬ ಹೆಂಗಸರು, ಎರಡು ಬುಟ್ಟಿ ಕಟಕ ರೊಟ್ಟಿ. ಗೆದ್ದ ಊರನ್ನು ಲೂಟಿ ಮಾಡುವ ಚಾಳಿಯೂ ಆಕೆಗಿರಲಿಲ್ಲ. ಹೆಚ್ಚೆಂದರೆ ಒಂದು ಡಜನ್ ಬಳೆ.

ಇದು ನಮ್ಮ ಜಿಲ್ಲೆ ಮುಂಬಯಿಯ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ತಾಂಬಾದ ಹೆಂಗಸರಿಗೆ ಊರು ಬಿಟ್ಟು ಹೊರಬೀಳಲು ಆಗ ಮೂರೇ ಕಾರಣಗಳಿದ್ದವು: ತವರಿನ ಹಬ್ಬ, ತವರಿನ ಬಾಣಂತನ, ತವರಿನ ಸಾವು. ನಾಲ್ಕನೆಯದನ್ನು ಕಂಡುಹಿಡಿದವಳು ಶೇವಂತೆವ್ವ. ಅದಕ್ಕೆ ಆಕೆ ಇಟ್ಟ ಹೆಸರು ‘ನೋಡಾಕ ಹೋಗೂದು’. ಏನನ್ನು ನೋಡಲು ಎಂದು ಯಾರಾದರೂ ಕೇಳಿದರೆ, “ಹಳೇದನ್ನ” ಎನ್ನುತ್ತಿದ್ದಳು.

“ಹಳೇದ ನೋಡಾಕ ಬಿಜಾಪುರಕ್ಕ ಯಾಕ ಹೋಗಬೇಕು? ನಾ ಇಲ್ಲೇ ಕುಂತಿಲ್ಲೇನು?” ಎಂದು ಆಕೆಯ ಅತ್ತೆ ರೇವವ್ವ ಕಟ್ಟೆಯ ಮೇಲಿಂದ ಗದರುತ್ತಿದ್ದಳು.

ಶೇವಂತೆವ್ವ ಆಳು ಗಿಡ್ಡ, ದನಿ ಉದ್ದ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಲಾರಿಯ ಹಿಂಬಾಗಿಲಲ್ಲಿ ನಿಂತಳೆಂದರೆ ಪಾಳೆಯವೆಲ್ಲ ಗಪ್‌ಚಿಪ್. ಲಾರಿ ಚಮನಸಾಬನದು, ಅಂದರೆ ಓಡಿಸುವವನು ಚಮನಸಾಬ. ಶೆಟ್ಟರ ಅಂಗಡಿಗೆ ಬೆಲ್ಲ ತರಲು ಅದು ಬಿಜಾಪುರಕ್ಕೆ ಖಾಲಿ ಹೋಗುವ ದಿನ ಯಾವುದೆಂದು ಶೆಟ್ಟರಿಗಿಂತ ಮೊದಲು ಶೇವಂತೆವ್ವನಿಗೆ ಗೊತ್ತಾಗುತ್ತಿತ್ತು. ಸುದ್ದಿ ತರುವವಳು ಚಮನಸಾಬನ ಹೆಂಡತಿ ರಮಜಾನಬಿ, ಶೇವಂತೆವ್ವನ ಜೀವದ ಗೆಳತಿ. ಹೋಗುವಾಗ ಹೆಂಗಸರು ಖಾಲಿ ಲಾರಿಯಲ್ಲಿ ಮೊರದ ಜೋಳದಂತೆ ಕೇರಿಸಿಕೊಂಡು ಹೋಗುತ್ತಿದ್ದರು. ಬರುವಾಗ ಬೆಲ್ಲದ ಪೆಂಟಿಗಳ ಮೇಲೆ ಕೂತು ಬರುತ್ತಿದ್ದರು. ನಮ್ಮವ್ವನೂ ಆ ದಂಡಿನವಳೇ. ಬಿಜಾಪುರದ ಇತಿಹಾಸವೆಂದರೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಬೆಲ್ಲದ ವಾಸನೆ ಹೊಡೆಯುವ ಒಂದು ಸೀರೆ, ಅದರ ಹಿಂದೆ ಸಾಲು ಹಿಡಿದು ಬರುವ ಇರುವೆಗಳು.

ದಂಡಿಗೆ ಇತಿಹಾಸ ತಿಳಿಸಿ ಹೇಳುವವಳೂ ಶೇವಂತೆವ್ವನೇ. ಓದು ಬಾರದ ಕಾರಣ ಆಕೆಗೆ ಯಾವ ಅಡೆತಡೆಯೂ ಇರಲಿಲ್ಲ. ಬಾರಾಕಮಾನಿನ ಕಮಾನುಗಳು ಮೇಲ್ಚಾವಣಿ ಇಲ್ಲದೆ ಅರ್ಧಕ್ಕೇ ಯಾಕೆ ನಿಂತಿವೆ ಎಂದು ಯಾರೋ ಕೇಳಿದಾಗ ಆಕೆ ಕ್ಷಣವೂ ತಡೆಯಲಿಲ್ಲ.

“ಬಾದಶಾನ ಹೇಣ್ತಿ ತವರಿಗೆ ಹೋಗಿದ್ಲು. ಮನ್ಯಾಗ ಹೆಂಗಸಿಲ್ಲಂದ್ರ ಯಾವ ಕೆಲಸ ಪೂರಾ ಆಗತೈತಿ?”

ಲಾರಿಯ ಪ್ರತಿ ಹೆಂಗಸೂ ತಲೆದೂಗಿದಳು. ಇಷ್ಟು ಒಮ್ಮತ ಪಡೆದ ಇತಿಹಾಸಕಾರರು ಕಡಿಮೆ.

ಇಂಥ ದಂಡನಾಯಕಿಗೆ ಇದ್ದದ್ದು ಒಂದೇ ತೊಡಕು: ಗಂಡನ ಹೆಸರು. ಗಂಡನ ಹೆಸರು ಹೇಳಬಾರದೆಂಬುದು ಎಲ್ಲ ಹೆಂಗಸರಿಗೂ ಇದ್ದ ನೇಮವೇ. ಮದುವೆ, ಸೀಮಂತಗಳಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ, ಪ್ರಾಸ ಕೂಡಿಸಿದ ಒಂದು ಒಡಪು ಕಟ್ಟಿ, ಅದರ ಬಾಲಕ್ಕೆ ಹೆಸರನ್ನು ಸಿಕ್ಕಿಸಿ, ಗಡಿಬಿಡಿಯಲ್ಲಿ ಹೇಳಿ ಓಡಿಹೋಗಬಹುದು, ಅಷ್ಟೇ ಸಡಿಲು. ಆದರೆ ರೇವವ್ವನ ಕಾಯಿದೆ ಇನ್ನೂ ಬಿಗಿ. “ಹೆಸರ ಒಮ್ಮೆ ಬಾಯಾಗ ಬಂತಂದ್ರ ಗಂಡನ ಆಯುಷ್ಯದಾಗ ಒಂದ ವರ್ಸ ಕಡಿಮಿ” ಎಂದು ಆಕೆ ಸೊಸೆ ಹೊಸಿಲು ತುಳಿದ ದಿನವೇ ಹೇಳಿದ್ದಳು. ರೇವವ್ವ ತಾನಂತೂ ಒಮ್ಮೆಯೂ ಹೇಳಿದವಳಲ್ಲ. ಆದರೂ ಆಕೆಯ ಗಂಡ ಮೀಸೆ ನೆಟ್ಟಗಾಗುವ ಮೊದಲೇ ಹೋಗಿಬಿಟ್ಟಿದ್ದ. ಆ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಶೇವಂತೆವ್ವನ ಗಂಡನ ಹೆಸರು ಧರೆಪ್ಪ. ನಮ್ಮ ಕಡೆಯ ನಾಲಿಗೆಯಲ್ಲಿ ಅದು ದರೆಪ್ಪ. ಹೀಗಾಗಿ ಆಕೆ ಹೆಸರನ್ನಷ್ಟೇ ಅಲ್ಲ, ‘ದರ’ ಎಂದು ಶುರುವಾಗುವ ಯಾವುದನ್ನೂ ಬಾಯಲ್ಲಿ ತರುತ್ತಿರಲಿಲ್ಲ. ಸಂತೆಯಲ್ಲಿ “ದರ ಏನು?” ಎಂದು ಕೇಳದೆ “ಹೆಂಗ ಕೊಟ್ಟಿ?” ಎನ್ನುತ್ತಿದ್ದಳು. ತಾಂಬಾದಲ್ಲಿ ಇದು ನಡೆಯುತ್ತಿತ್ತು. ಬಿಜಾಪುರದಲ್ಲಿ ನಡೆಯುವುದು ಹೇಗೆ? ಅದು ದರ್ಗಾಗಳ ಊರು, ದರವಾಜಾಗಳ ಊರು. ಒಮ್ಮೆ ಕೋಟೆಯ ದರವಾಜಾದ ಹತ್ತಿರ ನಿಲ್ಲಿಸಲು ಹೇಳಬೇಕಾಗಿ, “ಅಣ್ಣಾ, ಆ ದೊಡ್ಡ ಬಾಗಲದ ಮುಂದ ನಿಂದ್ರಸು” ಎಂದಳು. ಚಮನಸಾಬ ತನಗೆ ಗೊತ್ತಿದ್ದ ಅತಿ ದೊಡ್ಡ ಬಾಗಿಲ ಮುಂದೆ ನಿಲ್ಲಿಸಿದ. ಅದು ಹತ್ತಿ ಹಿಂಜುವ ಗಿರಣಿ. ತಾಂಬಾದ ಹೆಂಗಸರು ಒಳಹೊಕ್ಕು, ಸುಲ್ತಾನನ ಅರಮನೆಯಲ್ಲಿ ಇನ್ನೂ ಇಷ್ಟು ಹತ್ತಿ ಉಳಿದಿರುವುದನ್ನು ಕಂಡು ಬೆರಗಾಗಿ, ಕಾವಲುಗಾರನಿಗೆ ಕೈಮುಗಿದು ಬಂದರು.

ಗೋಳಗುಮ್ಮಟದಲ್ಲಂತೂ ಸಂಕಟ ಎಲ್ಲರದೂ ಒಂದೇ. ಮೇಲಿನ ಸುತ್ತು ಗ್ಯಾಲರಿಯಲ್ಲಿ ನಿಂತು ಕೂಗಿದ್ದು ಏಳು ಸಲ ಮರಳಿ ಬರುತ್ತದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಆಚೆ ದಂಡೆಯ ಗೋಡೆಯಲ್ಲಿ ಕಿವಿಗೆ ಬೀಳುತ್ತದೆ. ಗಂಡಸರು ತಮ್ಮ ಹೆಸರನ್ನೇ ಕೂಗಿ ಹಿಗ್ಗುತ್ತಿದ್ದರು. ಹೆಂಗಸರು ಏನು ಕೂಗಬೇಕು? ತಮ್ಮ ಹೆಸರು ಕೂಗಿದರೆ ನಾಚಿಕೆಗೇಡು, ಗಂಡನದು ಕೂಗಿದರೆ ಆಯುಷ್ಯ ಕಡಿಮೆ. ಆದ್ದರಿಂದ ನಮ್ಮ ದಂಡು ಸುತ್ತಲೂ ಸಾಲಾಗಿ ನಿಂತು ಕೆಮ್ಮುತ್ತಿತ್ತು. ಅಷ್ಟು ದೊಡ್ಡ ಗುಮ್ಮಟ, ಆದಿಲಶಾಹಿಯ ಕಿರೀಟ, ಏಳು ಸಲ ಕೆಮ್ಮುತ್ತಿತ್ತು. ಅದನ್ನೇ ಕೇಳಿ ಖುಷಿಪಟ್ಟು ಕೆಳಗಿಳಿಯುತ್ತಿದ್ದರು.

ಹೀಗೆ ಒಂದೆರಡು ವರ್ಷ ನಡೆದ ಮೇಲೆ ರೇವವ್ವನ ತಾಳ್ಮೆ ಮುಗಿಯಿತು. ಒಂದು ಮುಂಜಾನೆ, ಲಾರಿ ಗುರುಗುಡುತ್ತಿರುವಾಗಲೇ, ಮಗನನ್ನು ಕೈಹಿಡಿದು ಎಳೆದುಕೊಂಡು ಬಂದಳು.

“ಈಸಲ ಇಂವನೂ ಬರ್ತಾನ. ನೀವೆಲ್ಲಾ ಎಲ್ಲಿ ಹೊಕ್ಕೀರಿ, ಏನ ಮಾಡ್ತೀರಿ ನೋಡ್ಕೊಂಡ ಬಂದ ನನಗ ಹೇಳ್ತಾನ.”

“ಬರ್ಲಿ ಬಿಡ್ರಿ ಅತ್ತಿ. ಜಾಗಾ ಐತಿ” ಎಂದಳು ಶೇವಂತೆವ್ವ.

“ಹೋದಂಗ ತಂದ ಒಪ್ಪಸಬೇಕು ಮತ್ತ. ಒಂದ ಕೂದಲ ಕೊಂಕಿತಂದ್ರ ನಿನ್ನ ಗುಮ್ಮಟಾ ಗಿಮ್ಮಟಾ ಎಲ್ಲಾ ಬಂದ್. ನಿಂದಷ್ಟ ಅಲ್ಲ, ಊರ ಹೆಣಮಕ್ಕಳದೆಲ್ಲಾ.”

ರೇವವ್ವ ಬಂದ್ ಎಂದರೆ ಬಂದ್. ಊರಿನ ಉಳಿದ ಅತ್ತೆಯಂದಿರು ಆಕೆಯ ಬಾಯನ್ನೇ ನೋಡುತ್ತಿದ್ದರು. ಗೂಢಚಾರ ಧರೆಪ್ಪ ಸುಮ್ಮನೆ ಲಾರಿ ಹತ್ತಿದ. ಆತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹೊಲ, ಎತ್ತು, ತಂಬಾಕಿನ ಚಂಚಿ ಬಿಟ್ಟರೆ ಆತನಿಗೆ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ.

ಆ ದಿನ ದಂಡು ಇಬ್ರಾಹಿಂ ರೋಜಾ ಗೆದ್ದಿತು, ಮಲಿಕ್ ಮೈದಾನ ತೋಪಿನ ಬೆನ್ನು ಸವರಿತು, ಅದರ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಉಂಡಿತು. ಧರೆಪ್ಪ ಹಿಂದೆ ಹಿಂದೆ ಬಂದ. ಕೊನೆಗೆ ಗೋಳಗುಮ್ಮಟ. ಅಲ್ಲಿಯೂ ಹತ್ತಿದರು, ಕೆಮ್ಮಿದರು, ಇಳಿದರು. ಹೊತ್ತು ಇಳಿಮುಖವಾಗಿತ್ತು. ಬೆಲ್ಲ ಹೇರಿದ ಲಾರಿ ಬಾಗಿಲಲ್ಲಿ ಬಂದು ನಿಂತಿತ್ತು. ಶೇವಂತೆವ್ವ ತಲೆ ಎಣಿಸಿದಳು. ಹೆಂಗಸರೆಲ್ಲ ಇದ್ದರು. ಗಂಡ ಇರಲಿಲ್ಲ.

ಔರಂಗಜೇಬನಿಗೆ ಹೀಗೆಂದೂ ಆಗಿರಲಿಕ್ಕಿಲ್ಲ.

ತೋಟದಲ್ಲಿ ಹುಡುಕಿದರು, ಬಾವಿಗೆ ಇಣುಕಿದರು, ಹೊರಗಿನ ಚಹಾದಂಗಡಿಯಲ್ಲಿ ಕೇಳಿದರು. ಚಹಾದಂಗಡಿಯವನು ಹೆಸರೇನೆಂದ. ಶೇವಂತೆವ್ವ, “ನಮ್ಮ ಮನಿಯವರು” ಎಂದಳು. “ಆ ಹೆಸರಿನವರು ಭಾಳ ಮಂದಿ ಬಂದಿದ್ರವ್ವಾ” ಎಂದು ಆತ ಚಹಾ ಸೋಸಿದ.

“ತಡೀ ಯಕ್ಕಾ, ಮಾಂವ ಮ್ಯಾಲ ಉಳದಿರಬೇಕು. ನಾ ಒಮ್ಮೆ ಒದರ್ತೇನಿ” ಎಂದ ಚಮನಸಾಬ. ಆತನ ಬೆನ್ನಿಗೆ ಶೇವಂತೆವ್ವ, ರಮಜಾನಬಿ, ಹಿಂದೆ ಇಡೀ ದಂಡು, ಮತ್ತೊಮ್ಮೆ ಮೆಟ್ಟಿಲು ಹತ್ತಿ ಗ್ಯಾಲರಿ ಸೇರಿದರು. ಆ ಹೊತ್ತಿಗೆ ಅಲ್ಲಿ ಬೇರೆ ಊರುಗಳ ಮಂದಿಯೂ ತುಂಬಿದ್ದರು. ಚಮನಸಾಬ ಎದೆ ತುಂಬ ಗಾಳಿ ಎಳೆದು ಕೂಗಿದ: “ಧರೆಪ್ಪಾ!”

“ಓ!” ಎಂದು ಉತ್ತರ ಬಂತು. ಒಂದಲ್ಲ, ಮೂರು ಕಡೆಯಿಂದ. ಮೂವರು ಧರೆಪ್ಪರು ಬಂದು ಎದುರು ನಿಂತರು: ಒಬ್ಬ ಸಿಂದಗಿಯವನು, ಒಬ್ಬ ಮುದ್ದೇಬಿಹಾಳದವನು, ಇನ್ನೊಬ್ಬ ಬಾಗೇವಾಡಿಯ ಕಡೆಯ ಕುರುಬ. “ಯಾಕ ಕರದ್ರಿ?” ಎಂದು ಮೂವರೂ ಕೇಳಿದರು. ತಾಂಬಾದ ಧರೆಪ್ಪ ಮಾತ್ರ ಬರಲಿಲ್ಲ. ಚಮನಸಾಬ ಮತ್ತೆ ಕೂಗಿದ. ಅದೇ ಮೂವರು ಎದುರಲ್ಲೇ ನಿಂತು ಮತ್ತೆ “ಓ” ಎಂದರು. ಕೂಗಿ ಕೂಗಿ ಆತನ ಗಂಟಲು ಲಾರಿಯ ಹಾರ್ನಿನಂತಾಯಿತು. ಕೆಳಗಿಂದ ಕಾವಲುಗಾರ, ಬಾಗಿಲು ಹಾಕುವ ಹೊತ್ತಾಯಿತೆಂದು ಕೋಲು ಬಡಿದ.

“ನೀನs ಕರಿ ಅಕ್ಕಾ. ನಿನ್ನ ದನಿ ಅಂದ್ರ ತಿಳೀತೈತಿ ಅಂವಗ” ಎಂದಳು ರಮಜಾನಬಿ.

“ಹೆಸರ ಹೆಂಗ ಹೇಳ್ಲೇ? ಒಂದ ಸಲ ಅಂದ್ರ ಒಂದ ವರ್ಸ. ಇದು ಏಳ ಸಲ ಅಂತೈತಿ!”

“ಖಾಲಿ ಕೈಲೆ ಹೋಗಿ ಅತ್ತಿ ಮುಂದ ನಿಂದ್ರತೀ? ನಾಳಿಂದ ನಮ್ಮ ಗತಿ ಏನು?”

ದಂಡು ದಂಡನಾಯಕಿಯ ಮುಖ ನೋಡಿತು. ಒಂದು ಕಡೆ ಗಂಡನ ಏಳು ವರ್ಷ. ಇನ್ನೊಂದು ಕಡೆ ಇಡೀ ತಾಂಬಾದ ಹೆಂಗಸರ ‘ನೋಡಾಕ ಹೋಗೂದು’, ಅದರ ಜೊತೆಗೆ ಗಂಡನೂ. ಶೇವಂತೆವ್ವ ಸೆರಗು ಬಿಗಿದಳು. ಹೇಳುವುದೇ ಆದರೆ ರೀತಿಯಂತೆ ಹೇಳಬೇಕು. ಕಟಕಟೆಗೆ ಕೈಕೊಟ್ಟು, ಕಣ್ಣು ಮುಚ್ಚಿ, ಮದುವೆಯ ಬಾಗಿಲಲ್ಲಿ ನಿಂತ ಹೊಸ ಸೊಸೆಯಂತೆ ಒಡಪು ಕಟ್ಟಿ ಒಗೆದಳು:

“ಕಂಬಿಲ್ಲದ ಗುಮ್ಮಟ, ಕೆಳಗ ಸುಲ್ತಾನ ಗಪ್ಪ,
ತಾಂಬಾ ಲಾರಿ ನಿಂತೈತಿ, ಎಲ್ಲಿದ್ದೀರಿ ಧರೆಪ್ಪಾ!”

ಅಷ್ಟು ಚಂದದ ಒಡಪನ್ನು ಗುಮ್ಮಟ ಗುಟುಕ್ಕನೆ ನುಂಗಿತು. ಉದ್ದನೆಯ ಮಾತು ಅದಕ್ಕೆ ಪಚನವಾಗುವುದಿಲ್ಲ. ಎಲ್ಲ ಕಲಸಿ ಗೊಜ್ಜಾಗುತ್ತದೆ. ಮಾನ ಮುಚ್ಚಿಕೊಳ್ಳಲು ಹೊದಿಸಿದ ಪ್ರಾಸವನ್ನೆಲ್ಲ ನುಂಗಿ, ಬಾಲದ ಒಂದು ಶಬ್ದವನ್ನಷ್ಟೇ ತೊಳೆದಿಟ್ಟ ಹಾಗೆ ಹೊರಗಿಟ್ಟಿತು: “ಧರೆಪ್ಪಾ… ಧರೆಪ್ಪಾ… ರೆಪ್ಪಾ… ಪ್ಪಾ…” ಶೇವಂತೆವ್ವ ಕಿವಿ ಮುಚ್ಚಿಕೊಂಡಳು. ದಂಡು ಬೆರಳು ಮಡಿಚಿತು, ಏಳೂ ಪೂರ್ತಿ. ಮೂವರು ಧರೆಪ್ಪರಲ್ಲಿ ಈ ಸಲ ಒಬ್ಬನೂ ಓ ಎನ್ನಲಿಲ್ಲ. ಇಂಥ ದನಿಯಲ್ಲಿ ಕರೆದದ್ದು ತಮ್ಮನ್ನಲ್ಲ ಎಂಬುದು ಮೂವರಿಗೂ ತಿಳಿಯಿತು.

ಆಚೆ ದಂಡೆಯ ಬಾಗಿಲಿನ ಹೊರಗಿಂದ, ಮಾಳಿಗೆಯ ಕಡೆಯಿಂದ, ಮೆಲ್ಲಗೆ ಬಂತು: “ಓ…” ಅದೂ ಏಳು ಸಲ.

ಧರೆಪ್ಪ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಬಂದ.

“ಎಲ್ಲಿ ಹಾಳಾಗಿ ಹೋಗಿದ್ರಿ?”

“ಇಲ್ಲೇ ಹೊರಗ, ಗಾಳಿಗೆ ಕುಂತಿದ್ದೆ.”

“ಚಮನಣ್ಣ ಗಂಟಲ ಹರಕೊಂಡ. ಕೇಳಿಸ್ಲಿಲ್ಲೇನು?”

“ಕೇಳಿಸ್ತು. ಯಾರ್ಯಾರೋ ಓ ಅಂದ್ರು. ಅಷ್ಟ ಮಂದಿ ಓ ಅಂದ ಮ್ಯಾಲ ನಂದೇನ ಕೆಲಸ ಅಂತ ಸುಮ್ಮನಾದೆ.”

“ಮತ್ತ ನಾ ಕರದದ್ದು?”

ಧರೆಪ್ಪ ತಂಬಾಕು ತಿಕ್ಕುತ್ತ ನೆಲ ನೋಡಿದ. “ಅದು ಅಷ್ಟ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಮ್ಮೆ ಕರಿ, ನೋಡೋಣು.”

ಮುಂದೆ ಎಷ್ಟೋ ವರ್ಷ ಈ ಮಾತಿಗೆ ಬಂದಾಗಲೆಲ್ಲ ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆದರೆ ಬೆಲ್ಲದ ಮೇಲೆ ಕೂತು ಮರಳುವಾಗ ಯಾರೂ ನಗಲಿಲ್ಲ. ತಾಂಬಾದಲ್ಲಿ ಸುದ್ದಿ ಲಾರಿಗಿಂತ ಮೊದಲು ಮನೆ ಮುಟ್ಟುತ್ತದೆ. ರೇವವ್ವ ಕಟ್ಟೆಯ ಮೇಲೆ ಕಾದಿದ್ದಳು. ಮಗನನ್ನು ಮುಂದೆ ನಿಲ್ಲಿಸಿ ಕೇಳಿದಳು:

“ನಿನ್ನ ಹೇಣ್ತಿ ನಡು ಬಿಜಾಪುರದಾಗ ನಿನ್ನ ಹೆಸರ ಹೇಳಿದ್ಲಂತ. ಖರೇ ಏನು?”

ಬೀದಿಯ ಬಾಗಿಲುಗಳೆಲ್ಲ ಕಿವಿಯಾದವು. ಧರೆಪ್ಪ ಆ ದಿನದ ಹತ್ತು ಮಾತುಗಳಲ್ಲಿ ಉಳಿದದ್ದನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದ.

“ಸುಳ್ಳು. ಆಕಿ ಒಡಪ ಹೇಳಿದ್ಲು. ಹೆಸರ ಹೇಳಿದ್ದು ಗುಮ್ಮಟ.”

ಗುಮ್ಮಟವೇನು ಯಾರ ಹೆಂಡತಿಯೂ ಅಲ್ಲವಷ್ಟೆ. ಅದು ಹೇಳಿದರೆ ಯಾರ ಆಯುಷ್ಯ ಕಡಿಮೆ? ರೇವವ್ವನ ಕಾಯಿದೆಯಲ್ಲಿ ಇದಕ್ಕೆ ಕಲಮೇ ಇರಲಿಲ್ಲ.

“ಮತ್ತ,” ಎಂದ ಧರೆಪ್ಪ ಹೊಸಿಲು ದಾಟುತ್ತ, “ಹೆಣಮಕ್ಕಳನ್ನ ಹಂಗ ಒಬ್ಬರನ್ನs ಬಿಡಬಾರದವ್ವ. ಮುಂದಿನ ಸಲನೂ ನಾ ಹೋಗ್ತೇನಿ.”

ಮುಂದಿನ ಸಲವೂ ಹೋದ. ಗೋಳಗುಮ್ಮಟದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಕಳೆದುಹೋದ. ಅದರ ಮುಂದಿನ ಸಲವೂ ಕಳೆದುಹೋದ. ಪ್ರತಿ ಸಲ ಹೊಸ ಒಡಪು ಬೇಕಾಯಿತು. ಹೀಗೆ ಕಡಿಮೆಯಾದ ವರ್ಷಗಳನ್ನು ರೇವವ್ವನ ಲೆಕ್ಕದಲ್ಲಿ ಕೂಡಿಸಿದರೆ ಆತ ಹುಟ್ಟುವ ಮೊದಲೇ ಸತ್ತಿರಬೇಕಿತ್ತು. ಆತನೋ ಮೊಮ್ಮಕ್ಕಳ ಮದುವೆಯಲ್ಲಿ ಹೋಳಿಗೆ ಉಂಡ. ದಂಡು ಬಾಗೇವಾಡಿಗೂ ಹೋಯಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟೆ ಕಟ್ಟುವ ಸುದ್ದಿ ಬಂದಾಗ ಅಲ್ಲಿಗೂ ಹೋಗಿ ನೋಡಿ, “ಇದಿನ್ನೂ ಹಳೇದಾಗಿಲ್ಲ. ಆಮ್ಯಾಲ ಬರೋಣು” ಎಂದು ಶೇವಂತೆವ್ವ ಲಾರಿ ತಿರುಗಿಸಿದಳು.

ಒಂದು ಸಲ, ಯಾರೂ ಕರೆಯದೆ, ರೇವವ್ವನೇ ಬಂದು ಲಾರಿಯಲ್ಲಿ ಕೂತಳು. “ಅದೇನ ಬಾಯಿ ಐತಿ ಆ ಗುಮ್ಮಟಕ್ಕ, ನೋಡ್ತೇನಿ” ಎಂದಳು. ಕಟ್ಟಿದ ಸುಲ್ತಾನನನ್ನು ಮೆಟ್ಟಿಲಿಗೊಂದರಂತೆ ಬೈಯುತ್ತ ಮೇಲೆ ಹತ್ತಿದಳು. ಗ್ಯಾಲರಿಯಲ್ಲಿ ಒಬ್ಬಳೇ ಆಚೆ ದಂಡೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ, ಸೆರಗನ್ನು ತಲೆಯ ಮೇಲೆಳೆದು ನಿಂತಳು. ಈಚೆ ಶೇವಂತೆವ್ವ, ರಮಜಾನಬಿ ಬಿಸಿಲಿನ ಧಗೆ ಕಳೆಯಲು ತಣ್ಣನೆಯ ಗೋಡೆಗೆ ತಲೆಯಾನಿಸಿದ್ದರು. ಗೋಡೆ ಪಿಸುಗುಟ್ಟಿತು:

“ಸೋಮನಿಂಗಾ.”

ಮತ್ತೆ, ಇನ್ನೂ ಮೆಲ್ಲಗೆ: “ಏ ಸೋಮನಿಂಗಾ.”

ರಮಜಾನಬಿ ಕಣ್ಣರಳಿಸಿ, “ಯಾರ ಹೆಸರಿದು?” ಎಂದಳು. ಶೇವಂತೆವ್ವ ಆಕೆಯ ಬಾಯಿಗೆ ಕೈಯಿಟ್ಟಳು. ಅದು ತಾನು ನೋಡಿಯೇ ಇರದ ತನ್ನ ಮಾವನ ಹೆಸರು. ಅಲ್ಲಾಡದೆ ನಿಂತಳು, ಆಚೆಯ ಗೋಡೆಗೆ ತನ್ನ ಬಳೆಯ ಸಪ್ಪಳವೂ ಹೋಗದಂತೆ.

ರೇವವ್ವ ತಿರುಗಿದಳು. ಎದುರು ದಂಡೆಯಲ್ಲಿ ಸೊಸೆ ಗೋಡೆಗೆ ಕಿವಿಗೊಟ್ಟು ನಿಂತದ್ದು ಕಂಡಿತು.

“ಅತ್ತೀ, ಏನಂದ್ರಿ?” ಎಂದು ಶೇವಂತೆವ್ವ ಏನೂ ತಿಳಿಯದವಳಂತೆ ಕೂಗಿದಳು.

“ಏನಿಲ್ಲs. ಕೆಮ್ಮ ಬಂದಿತ್ತು” ಎಂದಳು ರೇವವ್ವ. ಮಾತಿಗೆ ಸಾಕ್ಷಿಯಾಗಲೆಂದು ಸೆರಗು ಬಾಯಿಗಿಟ್ಟು ಜೋರಾಗಿ ಕೆಮ್ಮಿದಳು. ಗುಮ್ಮಟ ಏಳು ಸಲ ಕೆಮ್ಮಿ, ಹೌದು ಎಂದಿತು.