ರೇಷ್ಮೆ ಕುಂಚಿಗೆ, ಬರಿಗಾಲು

ಮಾಳಿಗೆಯ ಮೇಲೆ ಅಕ್ಕಿ ಸಂಡಿಗೆ ಇಟ್ಟು, ಕಾಗೆ ಮುಟ್ಟದಿರಲೆಂದು ಮಾವನವರ ಹಳೆಯ ಧೋತರವನ್ನು ಹೊದಿಸುತ್ತಿದ್ದೆ. ಆಗ ಶಿರಗುಪ್ಪಿಯಿಂದ ಎತ್ತಿನ ಚಕ್ಕಡಿ ಬಂದು ಬಾಗಿಲಿಗೆ ನಿಂತಿತು. ಅತ್ತೆಯವರ ತವರಿನ ಹಳೆಯ ಆಳು ಕೆಳಗಿನಿಂದಲೇ ಕೂಗಿದ: "ದೊಡ್ಡವ್ವಾರಿಗೆ ಆರಾಮಿಲ್ರಿ. ಮರಿಮಗಳ ಮುಖ ನೋಡಬೇಕು ಅಂತ ಹಟ ಹಿಡದಾರ್ರಿ."

ದೊಡ್ಡವ್ವ ಎಂದರೆ ಅತ್ತೆಯವರ ತಾಯಿ, ನಮಗೆ ಅಜ್ಜಿ. ಮರಿಮಗಳು ನನ್ನ ಕೂಸು, ಆಗ ನಾಲ್ಕು ತಿಂಗಳು. ಯುದ್ಧದ ದಿನಗಳು, ಪೆಟ್ರೋಲಿಲ್ಲದೆ ಆ ಕಡೆಯ ಮೋಟಾರು ನಿಂತಿತ್ತು. ಚಕ್ಕಡಿಗೆ ಮೇಲೆ ಕಮಾನಿಲ್ಲ, ಚಾಪೆಯಿಲ್ಲ. ಹೊರಗೆ ಚೈತ್ರದ ಬಿಸಿಲು. ಮುಂಜಾನೆ ಅಂಗಳದ ಎಳೆಬಿಸಿಲಿಗೆ ಅರೆಗಳಿಗೆ ಹಿಡಿದರೂ ಕೆಂಪಾಗುವ ಮೈ ಕೂಸಿನದು.

"ಅತ್ತಿ, ಸಂಜಿ ತಂಪಿನ್ಯಾಗ ಹೋಗೂಣ್ರಿ" ಅಂದೆ.

"ಸಂಜಿತನಕ ನಮ್ಮವ್ವ ಇರತಾಳಂತ ನೀ ಬರದು ಕೊಡ್ತೀಯೇನು?"

"ಹಂಗಾರ ಈಗ ಹೊರಡೂಣ್ರಿ."

"ಈಗ ರಾಹುಕಾಲ" ಎಂದರು ಮಾವನವರು, ಪಂಚಾಂಗ ಬಿಚ್ಚಿ.

ಅವಸರವಿದ್ದರೆ ಆಗಲೇ ಹೊರಡಬೇಕಿತ್ತು, ಇಲ್ಲದಿದ್ದರೆ ಸಂಜೆ. ಎರಡೂ ಬಿಟ್ಟು ಬಿಸಿಲು ನೆತ್ತಿಗೇರುವ ಹೊತ್ತಿಗೆ ಮುಹೂರ್ತ! ಮಾವನವರು ಪಂಚಾಂಗ ಮಡಚಿಟ್ಟು ಲಿಂಗಪೂಜೆಗೆ ಕುಳಿತರು. ಇನ್ನು ಯಾರನ್ನು ಕೇಳಲಿ?

ಅಷ್ಟಕ್ಕೇ ಮುಗಿಯಲಿಲ್ಲ. ಬಿಸಿಲು ತಗಲಬಾರದೆಂದು ಅತ್ತೆ ಕೂಸಿನ ಮೈಗೆಲ್ಲ ಕುಸುಬೆ ಎಣ್ಣೆ ಹಚ್ಚಿದರು. ನಾನು ಮೆತ್ತನೆಯ ಹಳೆಯ ಅರಿವೆಯ ಕುಂಚಿಗೆ ತಂದರೆ, ಅದನ್ನು ಕಿತ್ತುಕೊಂಡು ಪೆಟ್ಟಿಗೆಯಿಂದ ಜರಿ ಅಂಚಿನ ರೇಷ್ಮೆ ಖಣದ ಕುಂಚಿಗೆ ತೆಗೆದರು. "ತವರಮನಿಗೆ ಮೊಮ್ಮಗಳನ್ನ ಹಿಂಗ ಒಯ್ದರ ಮಂದಿ ಏನಂದಾರು?" ಕುಂಚಿಗೆ ತಲೆ ಮುಚ್ಚುತ್ತದೆ, ಬೆನ್ನ ಮೇಲೆ ಇಳಿಯುತ್ತದೆ. ಕಾಲಿಗೆ ಏನೂ ಇಲ್ಲ. ಬೆಳ್ಳಿ ಗೆಜ್ಜೆ ಕಾಣಬೇಕಲ್ಲ!

ಹೊರಡುವಾಗ ಮಾಳಿಗೆಗೆ ಓಡಿಹೋಗಿ ಸಂಡಿಗೆಯ ಮೇಲಿನ ಧೋತರವನ್ನೇ ಎಳೆದುಕೊಂಡು ಬಂದೆ.

ದಾರಿಯುದ್ದಕ್ಕೂ ಎರೆಹೊಲ, ಗಿಡವೊಂದಿಲ್ಲ. "ಈ ದಾರ್ಯಾಗ ನೆಳ್ಳಂದ್ರ ಎತ್ತಿನ ಹೊಟ್ಟಿ ಕೆಳಗಷ್ಟ್ರಿ ಅವ್ವಾರ" ಎಂದು ಆಳು ನಕ್ಕ. ನನಗೆ ನಗು ಬರಲಿಲ್ಲ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಧೋತರವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದೆ. ಗಾಳಿ ಒಂದು ತುದಿ ಹಾರಿಸಿತು, ಇನ್ನೊಂದು ತುದಿ ಹಿಡಿದರೆ ಕೂಸು ಜಾರಿತು. ಕಾಲು ಮುಚ್ಚಿದರೆ ಮುಖಕ್ಕೆ ಬಿಸಿಲು, ಮುಖ ಮುಚ್ಚಿದರೆ ಕಾಲಿಗೆ. ಪಂಚಾಕ್ಷರಿ ಜಪಿಸುತ್ತಲೇ ಮನಸ್ಸಿನಲ್ಲಿ ಅತ್ತೆಯವರನ್ನು ಬೈದೆ. ಶಿವ ಯಾವುದನ್ನು ಕೇಳಿಸಿಕೊಂಡನೋ! ಊರು ಕಾಣುವ ಹೊತ್ತಿಗೆ ಕೂಸಿನ ಎರಡೂ ಕಾಲು ಕೆಂಪಗೆ ಬೆಂದಂತಾಗಿದ್ದವು. ಅತ್ತು ಅತ್ತು ಅದರ ದನಿಯೂ ಇಂಗಿತ್ತು.

ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಪೂರ್ತಿ ಕಾಣದಾಗಿದೆಯೆಂದು ಯಾರೂ ಹೇಳಿಕಳಿಸಿರಲಿಲ್ಲ. ತೊಡೆಯ ಮೇಲಿಟ್ಟ ಕೂಸಿನ ಹಣೆ, ಮೂಗು, ಗಲ್ಲ ಸವರಿದರು. ಬೆರಳು ಕಾಲಿಗೆ ಬಂದು ನಿಂತಿತು.

"ಬಿಸಲಾಗ ಎಣ್ಣಿ ಬಳದು ತಂದವರು ಯಾರು? ಇದು ಕೂಸೋ ಹಪ್ಪಳೋ?"

ಅತ್ತೆ ಸೆರಗು ಸರಿಮಾಡಿಕೊಂಡರು.

"ಈ ಜರಿ ಯಾರಿಗೆ ತೋರಸಾಕ? ನನಗಂತೂ ಕಾಣಂಗಿಲ್ಲ. ತಗೀರಿ ಅದನ್ನ. ನನ್ನ ಹಳೇ ಸೀರಿ ತೊಯಿಸಿ ಹಿಂಡಿಕೊಂಡು ಬರ್ರಿ."

ಒದ್ದೆ ಸೀರೆಯಲ್ಲಿ ಸುತ್ತಿದ ಮೇಲೆ ಕೂಸು ಬಿಕ್ಕುತ್ತಲೇ ಹಾಲು ಕುಡಿಯಿತು. ಗುಳ್ಳೆ ಏಳಲಿಲ್ಲ, ಜ್ವರ ಬರಲಿಲ್ಲ. ಅಜ್ಜಿಯೂ ಉಳಿದರು. ಇವಿಷ್ಟು ಶಿವನ ದಯೆ. ಲೆಕ್ಕಕ್ಕೆ ಸಣ್ಣವು, ನನಗಲ್ಲ.

ಮೂರನೆಯ ದಿನ ನಸುಕಿನಲ್ಲೇ ತಿರುಗಿ ಹೊರಟೆವು. ಪಂಚಾಂಗದ ಮಾತನ್ನು ಯಾರೂ ಎತ್ತಲಿಲ್ಲ. ಕೂಸು ಅಜ್ಜಿಯ ಸೀರೆಯೊಳಗೆ ಪಾದದವರೆಗೆ ಸುತ್ತಿಕೊಂಡು ಮಲಗಿತ್ತು. ಅದರ ಕಾಲಿನ ಚರ್ಮ ಸಿಪ್ಪೆ ಏಳತೊಡಗಿತ್ತು.

ಮನೆಗೆ ಬಂದು ಮಾಳಿಗೆ ಹತ್ತಿದರೆ ಸಂಡಿಗೆಯನ್ನು ಕಾಗೆಗಳು ಮುಗಿಸಿದ್ದವು.

"ಧೋತರ ತಗೊಂಡು ಹೋದಿ, ನೋಡಿಲ್ಲೆ. ಇಷ್ಟೂ ಸಂಡಿಗಿ ಹಾಳಾತು" ಎಂದರು ಅತ್ತೆ.

ಕೂಸನ್ನು ಒಳಗೆ ನೆರಳಲ್ಲಿ ತೊಟ್ಟಿಲಿಗೆ ಹಾಕಿ, ಇನ್ನೊಂದು ಸೇರು ಅಕ್ಕಿ ತೊಳೆದು ನೆನೆಹಾಕಿದೆ.