ಮಿಷನ್ನಿನ ಕೊಸರು

ಈಚೆಗೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಬಸ್ಸಿನಲ್ಲೋ ರಸ್ತೆಯಲ್ಲೋ ಯಾರಾದರೂ ಏನಾದರೂ ತಿನ್ನುತ್ತಿದ್ದರೆ ನಾನು ಅವರ ಮುಖ ನೋಡುವುದಿಲ್ಲ, ಕೈಯಲ್ಲಿರುವ ಪೊಟ್ಟಣ ನೋಡುತ್ತೇನೆ. ನಿಪ್ಪಟ್ಟೋ, ರಸ್ಕೋ, ಕಡಲೆಮಿಠಾಯಿಯೋ? ನಮ್ಮ ಮಿಷನ್ನಿನದೋ, ಬೇರೆ ಅಂಗಡಿಯದೋ? ಮೊನ್ನೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ಪೊಟ್ಟಣವನ್ನು ಸೆರಗಿನೊಳಗೆ ಸೇರಿಸಿಕೊಂಡರು. ದೃಷ್ಟಿ ತಾಗೀತೆಂದು ಹೆದರಿರಬೇಕು. ಅವರ ತಪ್ಪೇನೂ ಇಲ್ಲ.

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನಾನು ಎರಡು ವೆಂಡಿಂಗ್ ಮಿಷನ್ನುಗಳ ಒಡತಿಯಾದೆ. ಗಾಜಿನ ಬಾಗಿಲಿನ ದೊಡ್ಡ ಬೀರು, ಒಳಗೆ ಸಾಲುಸಾಲಾಗಿ ತಂತಿಯ ಸುರುಳಿ, ಸುರುಳಿಯ ಸಂದಿಗೊಂದು ಪೊಟ್ಟಣ. ಫೋನಿನಿಂದ ದುಡ್ಡು ಹಾಕಿ ನಂಬರು ಒತ್ತಿದರೆ ಸುರುಳಿ ಒಂದು ಸುತ್ತು ತಿರುಗಿ ಪೊಟ್ಟಣವನ್ನು ಕೆಳಗೆ ಕೆಡವುತ್ತದೆ. ಒಂದು ಮಿಷನ್ನು ಚಾಮರಾಜನಗರದ ನರ್ಸಿಂಗ್ ಕಾಲೇಜೊಂದರಲ್ಲಿದೆ. ಇನ್ನೊಂದು ಗುಂಡ್ಲುಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ, ರೋಗಿಗಳ ಕಡೆಯವರು ಕಾಯುವ ಹಜಾರದಲ್ಲಿದೆ. ಎಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬುದೆಲ್ಲ ನನ್ನ ಫೋನಿಗೆ ಬರುತ್ತದೆ. ಬೆಳಿಗ್ಗೆ ಬೇರೆಯವರು ಪೇಪರು ಓದುವ ಹೊತ್ತಿಗೆ ನಾನು ಅದನ್ನು ಓದುತ್ತೇನೆ.

ಓದಲು ಬಲು ಸೊಗಸು ಅದು. ನರ್ಸಿಂಗ್ ಕಾಲೇಜಿನಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಖಾರದ ಕಡಲೆಬೀಜ ಬರಿದಾಗುತ್ತದೆ. ಪರೀಕ್ಷೆ ಮುಗಿದ ದಿನ ಚಾಕೊಲೇಟು. ಆಸ್ಪತ್ರೆಯಲ್ಲಿ ನಿಪ್ಪಟ್ಟು ಕದಲುವುದೇ ಇಲ್ಲ. ಬಹಳ ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಒಳಗೆ ಮನೆಯವರು ಮಲಗಿರುವಾಗ ಹೊರಗೆ ಕೂತು ಕರುಂ ಕುರುಂ ಎನ್ನಿಸಲು ಯಾರಿಗೆ ಮನಸ್ಸು ಬಂದೀತು? ಅಲ್ಲಿ ಓಡುವುದು ನೀರು, ಬನ್ನು, ರಸ್ಕು. ರಸ್ಕಿಗೂ ಸದ್ದುಂಟಲ್ಲ ಎನ್ನಬೇಡಿ, ಟೀಯಲ್ಲಿ ಅದ್ದಿದರೆ ಅದರ ಬಾಯಿ ಮುಚ್ಚುತ್ತದೆ. ದುಃಖಕ್ಕೂ ಹಲ್ಲಿಗೂ ಇರುವ ಈ ಸಂಬಂಧವನ್ನು ಯಾವ ವಿದ್ವಾಂಸರೂ ವಿಚಾರಿಸಿದಂತೆ ಕಾಣೆ. ವಿಚಾರಿಸುವವರಿದ್ದರೆ ಅಂಕಿ ಅಂಶ ನನ್ನ ಹತ್ತಿರವಿದೆ.

ಗುಂಡ್ಲುಪೇಟೆಯ ಮಿಷನ್ನಿಗೆ ಮಾಲು ತುಂಬುವವನು ನನ್ನ ಅಣ್ಣ. ಅದೇ ಊರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದವನು. ಹಳೆಯ ಕಟ್ಟಡವನ್ನು ಕೆಡವಿದಾಗ ಅಂಗಡಿ ಹೋಯಿತು; ಮಂಡಿನೋವಿನವನು ಇನ್ನೊಂದನ್ನು ಹೂಡಲಿಲ್ಲ. ಆಮೇಲೆ ಅವನು ಮಾತು ಬಿಟ್ಟ. ಜಗಳವಿಲ್ಲ, ಕೋಪವಿಲ್ಲ. ಗೋಡೆ ನೋಡಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದ, ಅಷ್ಟೆ. ಗಿರಾಕಿಗಳ ಮಕ್ಕಳ ಮದುವೆಯಿಂದ ಎಮ್ಮೆಯ ಕೆಚ್ಚಲುಬಾವಿನವರೆಗೆ ಎಲ್ಲವನ್ನೂ ದಿನವಿಡೀ ವಿಚಾರಿಸುತ್ತಿದ್ದವನಿಗೆ ಮನೆಯಲ್ಲಿ ಆಡಲು ಒಂದು ಮಾತೂ ಸಿಗಲಿಲ್ಲ. "ಊಟಕ್ಕಿಕ್ಲಾ ಅಂದ್ರೆ ತಲೆ ಆಡುಸ್ತರೆ, ಅಷ್ಟೇಯ" ಎಂದು ಅತ್ತಿಗೆ ಫೋನಿನಲ್ಲಿ ಅತ್ತರು. ನಿಜ ಹೇಳುತ್ತೇನೆ, ಎರಡನೆಯ ಮಿಷನ್ನನ್ನು ನಾನು ಕೊಂಡಿದ್ದೇ ಅಣ್ಣನನ್ನು ಆ ಕುರ್ಚಿಯಿಂದ ಎಬ್ಬಿಸಲಿಕ್ಕೆ. ಅದರ ಬೀಗದಕೈ ಕೊಟ್ಟಾಗ ಏನೂ ಹೇಳದೆ ಉಡಿದಾರಕ್ಕೆ ಕಟ್ಟಿಕೊಂಡ. ಮಾತು ಹೆಚ್ಚಲಿಲ್ಲ. ಆದರೆ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡು, ಬಿಳಿ ಅಂಗಿ ಹಾಕಿಕೊಂಡು ಹೊರಡತೊಡಗಿದ. ನನಗೆ ಅಷ್ಟೇ ದೊಡ್ಡದಾಗಿತ್ತು.

ಹೀಗಿರುವಾಗ ಕಡಲೆಮಿಠಾಯಿ ಕೈಕೊಟ್ಟಿತು. ನಾನು ಕಳಿಸಿದ ಡಬ್ಬದಲ್ಲಿ ಮಾರಿದ್ದನ್ನು ಕಳೆದು, ಮಿಷನ್ನಿನಲ್ಲಿರುವುದನ್ನು ಕಳೆದರೆ ಉಳಿದದ್ದು ಅಣ್ಣನ ಮನೆಯ ಡಬ್ಬದಲ್ಲಿರಬೇಕು. ಅತ್ತಿಗೆ ಎಣಿಸಿ ನೋಡಿದರೆ ಇರುತ್ತಿರಲಿಲ್ಲ. ವಾರವಾರವೂ ಕಡಿಮೆ. ಚಾಮರಾಜನಗರದ ಮಿಷನ್ನಿನ ಲೆಕ್ಕ ಕೂದಲಷ್ಟೂ ತಪ್ಪುತ್ತಿರಲಿಲ್ಲ, ಗುಂಡ್ಲುಪೇಟೆಯದು ಒಂದು ವಾರವೂ ಸರಿಹೋಗುತ್ತಿರಲಿಲ್ಲ. ಮೊದಲು ಮಿಷನ್ನನ್ನು ಸಂಶಯಿಸಿದೆ. ಕಂಪನಿಯವರು "ಮಿಷನ್ನು ಸುಳ್ಳು ಹೇಳಲ್ಲ ಮೇಡಂ" ಎಂದು ಬೇಜಾರು ಮಾಡಿಕೊಂಡರು. ಆಮೇಲೆ ಇಲಿಯನ್ನು ಸಂಶಯಿಸಿದೆ. ಕೊನೆಗೆ, ದೇವರು ಕ್ಷಮಿಸಲಿ, ಅಣ್ಣನನ್ನೇ. ಅವನಿಗೆ ಶುಗರ್ ಇದೆ. ಅತ್ತಿಗೆ ಬೆಲ್ಲದ ಡಬ್ಬವನ್ನು ಒಡವೆಯ ಜೊತೆ ಬೀರುವಿನಲ್ಲಿಟ್ಟಿದ್ದಾರೆ. ಡಬ್ಬಗಟ್ಟಲೆ ಮಿಠಾಯಿ ಕೈಗೆ ಸಿಕ್ಕರೆ ಮನುಷ್ಯ ಎಷ್ಟೆಂದು ತಡೆದುಕೊಂಡಾನು?

ಕೇಳುವುದು ಹೇಗೆ? ಜೀವಮಾನವೆಲ್ಲ ಅಂಗಡಿ ನಡೆಸಿದವನನ್ನು "ಅಣ್ಣ, ಮಾಲು ಕಡಿಮೆ ಬಂದಿದೆ" ಎಂದು ಕೇಳಿದರೆ ಅದರ ಅರ್ಥ ಒಂದೇ. ಅವನು ಮರುಮಾತಾಡದೆ ಬೀಗದಕೈ ಕೊಟ್ಟು ಮತ್ತೆ ಗೋಡೆ ನೋಡುತ್ತ ಕೂರುತ್ತಾನೆ. ಹಾಗೆಂದು ಸುಮ್ಮನಿರಲು ನನ್ನ ಗಣಿತ ಬಿಡದು. ಫೋನಿನಲ್ಲಿ ಮಾಲಿಗೆ ಮೂರೇ ಗತಿ: ಮಾರಿದ್ದು, ಉಳಿದದ್ದು, ಹಾಳಾದದ್ದು. ಮಾರಿಲ್ಲ, ಉಳಿದಿಲ್ಲ ಎಂದ ಮೇಲೆ ನಾನು ವಾರವಾರವೂ 'ಹಾಳಾದದ್ದು' ಎಂದು ಒತ್ತಿ ಲೆಕ್ಕ ಮುಗಿಸುತ್ತಿದ್ದೆ. ಹಾಗೆ ಒತ್ತಿ ಒತ್ತಿ ಸಾಕಾಗಿ, ಒಂದು ಬೆಳಿಗ್ಗೆ ಅಣ್ಣನಿಗೆ ಹೇಳದೆ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿದೆ.

ಆಸ್ಪತ್ರೆಯ ಹಜಾರದಲ್ಲಿ ಅಣ್ಣ ಮಿಷನ್ನಿನ ಬಾಗಿಲು ತೆರೆದುಕೊಂಡು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬನ್ನು ತುಂಬುತ್ತಿದ್ದ. ತೊಡೆಯ ಮೇಲೆ ರಬ್ಬರ್ ಬ್ಯಾಂಡುಗಳ ಪೊಟ್ಟಣ. ಎರಡು ಬನ್ನು ಹಾಗೇ ಇಡುತ್ತಿದ್ದ. ಮೂರನೆಯದಕ್ಕೆ ಒಂದು ಕಡಲೆಮಿಠಾಯಿ ಸೇರಿಸಿ, ರಬ್ಬರ್ ಬ್ಯಾಂಡ್ ಹಾಕಿ, ಸುರುಳಿಯಲ್ಲಿ ಸಿಕ್ಕಿಕೊಳ್ಳದಂತೆ ಬೆರಳಿನಿಂದ ಸವರಿ ಕೂರಿಸುತ್ತಿದ್ದ.

"ಏನಣ್ಣ ಇದು?" ಎಂದೆ.

ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕೊಸರು ಕಣಮ್ಮಿ" ಎಂದ. "ಕಾಸ್ ಈಸ್ಕಂಡು ಅಷ್ಟೇಯ ಕೊಟ್ಬುಟ್ಟು ಸುಮ್ಕಿದ್ರೆ ಅದೇನ್ ಯಾಪಾರ?"

ಕೊಸರು ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಸೇರು ಅಳೆದ ಮೇಲೆ ಹಾಕುವ ಹಿಡಿ, ಮೊಳ ಹೂವಿನ ಮೇಲೆ ಬೆರಳುದ್ದದ ಹೂವು, ಸೊಪ್ಪಿನ ಜೊತೆ ನಾಲ್ಕು ಕಡ್ಡಿ ಕೊತ್ತಂಬರಿ. ಕೊಸರಿನ ಬೆಲೆಯನ್ನು ವ್ಯಾಪಾರಿ ಮೊದಲೇ ಸೇರಿಸಿರುತ್ತಾನೆ, ಅದು ಬರೀ ಭ್ರಮೆ ಎಂದು ತರಗತಿಯಲ್ಲಿ ಪಾಠ ಮಾಡಿದವಳು ನಾನು. ಆದರೂ ಸಂತೆಯಲ್ಲಿ ಟೊಮೆಟೊ ತೂಗಿದವನು ಮೇಲೊಂದು ಹಾಕದಿದ್ದರೆ ಮೋಸಹೋದ ಹಾಗೇ ಅನ್ನಿಸುತ್ತದೆ. ತೂಕ ಸರಿಯಾಗಿರುವುದು ತಕ್ಕಡಿಯ ಕೆಲಸ, ಕೊಸರು ಹಾಕುವುದು ತಕ್ಕಡಿ ಹಿಡಿದವನ ಕೆಲಸ. ನಾನು ತಕ್ಕಡಿಯನ್ನಷ್ಟೇ ಕೊಂಡು ತಂದು ಆಸ್ಪತ್ರೆಯಲ್ಲಿ ನಿಲ್ಲಿಸಿದ್ದೆ.

ಇದೆಲ್ಲ ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ, ಅವನು ತಿನ್ನುತ್ತಿಲ್ಲವಲ್ಲ ಎಂಬ ಸಂತೋಷದಲ್ಲಿ ನನ್ನ ನಾಲಗೆ ಜಾರಿತು. "ಒಂದು ಮಾತು ಹೇಳಬಾರದಿತ್ತಾ ಅಣ್ಣ? ನಾನು ಇಷ್ಟೂ ಮಾಲನ್ನ ಹಾಳಾದದ್ದು ಅಂತ ಬರ್ಕೊಂಡಿದೀನಿ."

ಅಣ್ಣನ ಕೈ ನಿಂತಿತು. "ಆಳಾದ್ದು ಅಂತ ಬರ್ದ್ಯಾ?" ಎಂದ. ಎದ್ದು ಮಿಷನ್ನಿನ ಬಾಗಿಲು ಹಾಕಿದ. "ನನ್ ಕೈಯಿಂದ ಯಾವತ್ತಾರ ಆಳಾದ್ ಮಾಲು ಓಗಿದ್ದದಾ ಕಣಮ್ಮಿ?" ಉಡಿದಾರದಿಂದ ಬೀಗದಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. "ಲೆಕ್ಕ ಬರೋರ್ ಕೈಲಿ ತುಂಬುಸ್ಕೊ ಬುಡು."

ವಾರಗಟ್ಟಲೆ ಯಾವುದಕ್ಕೆ ಹೆದರಿ ಬಾಯಿ ಕಟ್ಟಿಕೊಂಡಿದ್ದೆನೋ ಅದು ಆಗಿಹೋಗಿತ್ತು. ಅಷ್ಟರಲ್ಲಿ, ಬಾಗಿಲು ಹಾಕುವುದನ್ನೇ ಕಾಯುತ್ತಿದ್ದ ಹೆಂಗಸೊಬ್ಬಳು ಬಂದು ನಂಬರು ಒತ್ತಿದಳು. ಬನ್ನು ಬಿತ್ತು. ಎತ್ತಿಕೊಂಡು ನೋಡಿದಳು, ತಿರುಗಿಸಿ ನೋಡಿದಳು, ನೇರ ನಮ್ಮ ಹತ್ತಿರ ಬಂದಳು.

"ಅಣ್ಣ, ಇದೊಂದು ಜಾಸ್ತಿ ಬಂದ್ಬುಟ್ಟದೆ. ಈಸ್ಕಳಿ."

"ನಿಂದೇಯ ಕಣವ್ವ" ಎಂದ ಅಣ್ಣ, ನೆಲ ನೋಡುತ್ತ. "ಕೊಸರು."

ಅವಳು ಒಮ್ಮೆ ಮಿಷನ್ನನ್ನು, ಒಮ್ಮೆ ಅಣ್ಣನನ್ನು ನೋಡಿದಳು. "ಇದ್ರಲ್ಲಿ ಯಾರೂ ಇಲ್ಲ ಅಂದ್ಕಂಡಿದ್ದೆ" ಎಂದಳು.

ಅಣ್ಣ ತಲೆ ಎತ್ತಿದ. "ನಾನಿವ್ನಿ ಕಣವ್ವ" ಎಂದ.

ಆಮೇಲೆ ನಡೆದದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಯಾವೂರು? ಹರವೆ. ಯಾರು ಮಲಗಿದ್ದಾರೆ? ಅತ್ತೆ. ಊಟ ಸೇರುತ್ತದೆಯೇ? ಗಂಜಿ ಕುಡಿಯುತ್ತಾರೆ. ಅರಿಸಿನ ಕಿತ್ತಾಯಿತೇ, ಹಸುವನ್ನು ಯಾರು ನೋಡಿಕೊಳ್ಳುತ್ತಾರೆ, ಮೈದುನ ಇನ್ನೂ ಕುಡಿಯುತ್ತಾನೆಯೇ. ಇವಳಿಗೊಬ್ಬ ಕುಡುಕ ಮೈದುನ ಇದ್ದಾನೆಂದು ಅಣ್ಣ ಹೇಗೆ ಕಂಡುಹಿಡಿದನೋ ಕಾಣೆ. ಅಂಗಡಿ ಹೋದ ಮೇಲೆ ಆ ದನಿಯನ್ನು ನಾನು ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ಆಸ್ಪತ್ರೆಯಾದ್ದರಿಂದ ಯಾರೂ ವಿಶೇಷವಾಗಿ ಗಮನಿಸಲಿಲ್ಲ.

ಅವಳು ಒಳಗೆ ಹೋದ ಮೇಲೆ ಬೀಗದಕೈಯನ್ನು ಅವನ ಮುಂದೆ ಹಿಡಿದೆ. "ಹಾಳಾದದ್ದು ಅನ್ನೋದನ್ನ ಅಳಿಸ್ತೀನಿ ಅಣ್ಣ. ಕೊಸರು ಅಂತ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ಇನ್ನು ಮೇಲೆ ಅಷ್ಟನ್ನೂ ನಾನೇ ಕೊಂಡು ತಿಂದೆ ಅಂತ ಹಾಕ್ತೀನಿ."

ಅಣ್ಣ ನನ್ನ ಮುಖವನ್ನೇ ನೋಡಿದ. "ಅಷ್ಟೊಂದ್ ತಿಂದ್ರೆ ಅಲ್ಲು ಉಳ್ದವಾ ಕಣಮ್ಮಿ?" ಎಂದ. ಬೀಗದಕೈ ತೆಗೆದುಕೊಂಡು, ಅಂಗಿ ಎತ್ತಿ, ಉಡಿದಾರಕ್ಕೆ ಕಟ್ಟಿಕೊಂಡ.

ಬಸ್ಸಿಗೆ ಹೊರಡುವ ಮುಂಚೆ ಹೊಟ್ಟೆ ಚುರುಗುಟ್ಟಿತು. ನಾನೂ ದುಡ್ಡು ಹಾಕಿ ಒಂದು ಬನ್ನು ಬೀಳಿಸಿಕೊಂಡೆ. ಬರೀ ಬನ್ನು. ಹಿಂದೆ ಮುಂದೆ ತಿರುಗಿಸಿದೆ, ಮಿಷನ್ನಿನ ಬಾಯೊಳಗೆ ಕೈಹಾಕಿ ತಡಕಿದೆ. ಅಣ್ಣ ಸ್ಟೂಲಿನ ಮೇಲಿಂದ ನೋಡುತ್ತಿದ್ದ. "ಮನೆಯೋರ್ಗೆಲ್ಲ ಕೊಸರು ಆಕ್ತಾ ಕೂತ್ರೆ ಯಾಪಾರ ಉಳ್ದದಾ?" ಎಂದ. ಮಿಷನ್ನಿನ ಭವಿಷ್ಯದ ಬಗ್ಗೆ ಅವನಿಗೂ ಅಷ್ಟು ಕಾಳಜಿಯಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡು, ಅವನ ಪಕ್ಕದಲ್ಲೇ ಕೂತು ಬರೀ ಬನ್ನನ್ನೇ ತಿಂದೆ. ಅವನು ಮಾತಾಡುತ್ತಲೇ ಇದ್ದ. ಬಸ್ಸು ತಪ್ಪಿತು.