ಲ್ಯಾಪ್‌ಟಾಪಿಗೆ ಗಾಳಿ ಹಾಕಿದ ಮಾಸ್ತರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಬಳಿ ಮೂರು ಪಿಯಾನೊಗಳಿವೆ, ಆದರೆ ಪಿಯಾನೊ ಎಂಬ ವಸ್ತುವನ್ನು ನಾನು ಈ ಜನ್ಮದಲ್ಲಿ ಮುಟ್ಟಿಲ್ಲ. ಮೂರೂ ಇರುವುದು ರಾಯಚೂರಿನ ನಮ್ಮ ಮನೆಯ ಹಿಂದಿನ ಕೋಣೆಯ ಲ್ಯಾಪ್‌ಟಾಪಿನೊಳಗೆ. ಜೋಳದ ಚೀಲಕ್ಕೂ ಮಡಚಿಟ್ಟ ಹಾಸಿಗೆಗಳಿಗೂ ನಡುವೆ ಉಳಿದ ಜಾಗದಲ್ಲಿ ಒಂದು ಮೇಜು, ಅದರ ಮೇಲೆ ಪುಟ್ಟ ಕೀಬೋರ್ಡು, ಕೀಬೋರ್ಡಿನ ಹಿಂದೆ ಲ್ಯಾಪ್‌ಟಾಪು. ಕೀಬೋರ್ಡಿಗೆ ಸ್ವಂತ ದನಿ ಇಲ್ಲ. ನಾವು ಒತ್ತಿದ್ದನ್ನೆಲ್ಲ ಅದು ಲ್ಯಾಪ್‌ಟಾಪಿಗೆ ಚಾಡಿ ಹೇಳುತ್ತದೆ, ದನಿ ಬರುವುದು ಅಲ್ಲಿಂದ. ವಾರದ ಆರು ದಿನ ಮಾನ್ವಿಯ ಶಾಲೆಯಲ್ಲಿ ಗಣಿತ ಕಲಿಸಿ, ಬಸ್ಸಿನಲ್ಲಿ ನಿಂತೇ ಮರಳಿ ಬಂದು, ಸೆರಗು ಸಿಕ್ಕಿಸಿಕೊಂಡು ಅದರ ಮುಂದೆ ಕೂತಾಗ ನನ್ನನ್ನು ನಾನೇ ಬಹಳ ದೊಡ್ಡ ಕಲಾವಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಆ ತಿಳಿವಳಿಕೆಗೆ ಮೊದಲ ಪೆಟ್ಟು ಕೊಟ್ಟವರು ನಮ್ಮ ಮನೆಯವರು. ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ನಾನು ಬಾರಿಸುವುದನ್ನು ಕೇಳಿದರು. "ಪ್ರಾರ್ಥನಿಗೆ ನಿಂತ ಹುಡುಗರಂಗ ಅದ ನೋಡು ನಿನ್ನ ಪಿಯಾನೊ. ಒಬ್ರೂ ಅಳ್ಳಾಡವಲ್ರು" ಎಂದರು.

ಸಿಟ್ಟು ಬಂತು, ಮಾತು ಮಾತ್ರ ಸತ್ಯವಾಗಿತ್ತು. ಈ ಪಿಯಾನೊಗಳನ್ನು ಮಾಡುವ ಬಗೆ ಹೀಗೆ: ನಿಜವಾದ ಪಿಯಾನೊದ ಒಂದೊಂದು ಸ್ವರವನ್ನೂ ಮೆಲ್ಲಗೆ, ನಡುವಣ ತೂಕದಲ್ಲಿ, ಜೋರಾಗಿ ಎಂದು ಹಲವು ಸಲ ಬಾರಿಸಿ ಮುದ್ರಿಸಿಕೊಂಡಿರುತ್ತಾರೆ. ನಮ್ಮ ಬೆರಳಿನ ಒತ್ತಡ ನೋಡಿ ಯಂತ್ರ ಅದರಲ್ಲೊಂದನ್ನು ತೆಗೆದುಕೊಡುತ್ತದೆ. ಎಲ್ಲವನ್ನೂ ಒಂದೇ ತೂಕದಲ್ಲಿ ಒತ್ತಿದರೆ ಅದೂ ಒಂದೇ ತೂಕದ್ದನ್ನು ಕೊಡುತ್ತ ಕೂರುತ್ತದೆ. ಯಂತ್ರದ ತಪ್ಪೇನಿಲ್ಲ. ತಪ್ಪು ಹಾರ್ಮೋನಿಯಂ ಕಲಿತ ನನ್ನ ಬೆರಳುಗಳದು. ನಾವು ಪೇಟಿ ಎನ್ನುವ ಆ ಹಾರ್ಮೋನಿಯಂನಲ್ಲಿ ಬೆರಳು ಬರೀ ಬಾಗಿಲು ತೆರೆಯುತ್ತದೆ. ದನಿ ಏರುವುದೂ ಇಳಿಯುವುದೂ ಎಡಗೈ ಹಾಕುವ ಗಾಳಿಯಿಂದ.

ಉಪಾಯಗಳಿಗೇನು ಬರಗಾಲವೆ? ವಿಡಿಯೊ ನೋಡಿ ನೋಡಿ ಎಲ್ಲವನ್ನೂ ಮಾಡಿದೆ. ಸ್ವರಗಳನ್ನು ಬೇಕೆಂದೇ ಅಲ್ಲಲ್ಲಿ ತುಸು ಹಿಂದೆ ಮುಂದೆ ಸರಿಸುವ ಒಂದು ಗುಂಡಿ ಇದೆ. ಒತ್ತಿದೆ, ಪಿಯಾನೊಕ್ಕೆ ಚಳಿಜ್ವರ ಬಂದಂತಾಯಿತು. ದೊಡ್ಡ ಸಭಾಂಗಣದ ಅನುರಣನ ಸೇರಿಸಿದೆ, ಯಾರೋ ಬಾವಿಯೊಳಗೆ ಇಳಿದು ಬಾರಿಸಿದಂತಾಯಿತು. ಮನುಷ್ಯನ ತಪ್ಪುಗಳನ್ನು ಲೆಕ್ಕ ಹಾಕಿ ಸೇರಿಸುವ ಗಣಿತದ ಟೀಚರನ್ನು ದೇವರು ನೋಡಿ ನಕ್ಕಿರಬೇಕು.

ಇಷ್ಟೆಲ್ಲ ಹಟ ಯಾಕೆಂದರೆ ಅದು ಶರಣಪ್ಪ ಮಾಸ್ತರಿಗಾಗಿ. ದೇವದುರ್ಗದಲ್ಲಿ ನಾನು ಲಂಗ ಉಟ್ಟುಕೊಂಡು ಓಡಾಡುವ ಕಾಲಕ್ಕೆ ನನಗೆ ಪೇಟಿ ಕಲಿಸಿದವರು ಅವರು. ಅವರು ಹಾಡು ಎಂದಾಗಲೆಲ್ಲ ನಾನು ನಾಚಿ ಪೇಟಿಯ ಹಿಂದೆ ತಲೆ ತಗ್ಗಿಸುತ್ತಿದ್ದೆ. ಮುಂದೆ ಆ ಪೇಟಿಯ ಜಾಗಕ್ಕೆ ಲ್ಯಾಪ್‌ಟಾಪು ಬಂತು, ತಲೆ ತಗ್ಗಿಸುವುದು ತಪ್ಪಲಿಲ್ಲ. ಮಾಸ್ತರದ್ದು ಮಾತ್ರ ತುಂಬು ಕಂಠ. ಹರೆಯದಲ್ಲಿ ಯಾವುದೋ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಒಂದು ದೊಡ್ಡ ಮನೆಯ ಕಿಟಕಿಯಿಂದ ಪಿಯಾನೊ ಕೇಳಿ, ರಸ್ತೆಯಲ್ಲೇ ನಿಂತುಬಿಟ್ಟಿದ್ದರಂತೆ. ಆ ದನಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತಾವು ಬರೆದ ಒಂದು ಪದಕ್ಕೆ ಧಾಟಿ ಕೂಡಿಸಿದ್ದರು. ಆ ಪದವನ್ನು ಎಂದೂ ಪೇಟಿಯ ಮೇಲೆ ಹಾಡಲಿಲ್ಲ, ಯಾರೂ ಮುದ್ರಿಸಿಕೊಳ್ಳಲೂ ಇಲ್ಲ.

ಆ ಹೊತ್ತಿಗೆ ಅವರ ಗಂಟಲಲ್ಲಿ ಗಂಟು. ಬುಧವಾರ ಆಪರೇಷನ್ ಎಂದು ಗೊತ್ತಾಗಿತ್ತು. ಆಮೇಲೆ ಮಾತು ಬರುತ್ತದೆ, ಹಾಡಿನ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದ್ದರು. ಆ ಪದವನ್ನು ಪಿಯಾನೊದ ಜೊತೆ ಮುದ್ರಿಸಿಕೊಳ್ಳಲು ನನಗೆ ಉಳಿದಿದ್ದು ಒಂದೇ ಭಾನುವಾರ.

ಅಂದು ಬೆಳಿಗ್ಗೆ ಮಾಸ್ತರು ದೇವದುರ್ಗದಿಂದ ಗಬ್ಬೂರಿನ ಮೇಲೆ ಬರುವ ಮೊದಲ ಬಸ್ಸಿಗೇ ಬಂದಿಳಿದರು. ನಾನು ವಾರವಿಡೀ ತಿದ್ದಿ ತೀಡಿ ಇಟ್ಟಿದ್ದ ಪಿಯಾನೊವನ್ನು ಅವರ ಕಿವಿಗೆ ಹಾಕಿ, ಮೈಕಿನ ಮುಂದೆ ಕೂರಿಸಿದೆ. ಒಂದು ಸಾಲು ಹಾಡಿ ನಿಲ್ಲಿಸಿದರು. ಮತ್ತೆ ಹಾಡಿದರು, ಮತ್ತೆ ನಿಲ್ಲಿಸಿದರು. ದನಿ ಆಗಲೇ ಒಡೆಯುತ್ತಿತ್ತು.

"ಯವ್ವಾ, ಇದಕ್ಕ ದಮ್ಮ ಇಲ್ಲಲ್ಲ" ಎಂದರು. "ಉಸುರು ತಗೊಳ್ಳಾಕನ ಬಿಡವಲ್ಲದು. ಇದರ ಕೂಡ ನಾ ಹೆಂಗ ಹಾಡ್ಲಿ?"

"ಮೊದಲ ಬಾಜಾ, ಆಮ್ಯಾಲ ಹಾಡು, ಬ್ಯಾರೆ ಬ್ಯಾರೆ ಮಾಡ್ತಾರ್ರಿ ಮಾಸ್ತರ, ಈಗೆಲ್ಲಾ ಹಂಗ" ಎಂದು ನಾನು ತಿಳಿಹೇಳಲು ಹೋದೆ.

"ಬ್ಯಾರೆ ಮಾಡಾಕ ಅದೇನು ಅಣ್ಣತಮ್ಮರ ಹೊಲಾ ಏನು? ಸರಿ ಅತ್ಲಾಗ" ಎಂದವರೇ ಕೀಬೋರ್ಡಿನ ಮುಂದೆ ಕೂತುಬಿಟ್ಟರು. ಬಲಗೈ ಕೀಗಳ ಮೇಲೆ ಬಂತು. ಎಡಗೈ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಚಾಚಿತು. ಅರವತ್ತು ವರ್ಷ ಪೇಟಿಯ ಬೆನ್ನಿಗೆ ಗಾಳಿ ಹಾಕಿದ ಕೈ ಅದು, ಹಿಂದೆ ಏನಾದರೊಂದು ಇದ್ದೇ ಇರುತ್ತದೆಂದು ಅದಕ್ಕೆ ಖಾತ್ರಿ. ಇದ್ದದ್ದು ನನ್ನ ಲ್ಯಾಪ್‌ಟಾಪು. ಅದರ ಪರದೆಯ ತುದಿ ಹಿಡಿದು ತಮ್ಮ ಕಡೆಗೆ ಎಳೆದರು. ಲ್ಯಾಪ್‌ಟಾಪು ಕಣ್ಣು ಮುಚ್ಚಿ ಮಲಗಿತು, ಮೂರೂ ಪಿಯಾನೊಗಳ ದನಿ ಒಮ್ಮೆಲೇ ಅಡಗಿತು. ಅಯ್ಯೋ ಎಂದು ತೆರೆದು ಎಬ್ಬಿಸಿದೆ. ಮತ್ತೆ ನಾಲ್ಕು ಸ್ವರ, ಮತ್ತೆ ಎಳೆದರು, ಮತ್ತೆ ಮಲಗಿತು. ಮೂರನೆಯ ಸಲಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಆದರೆ ಆ ನಾಲ್ಕು ಸ್ವರಗಳು ನನ್ನ ಕಿವಿಯಲ್ಲಿ ಉಳಿದಿದ್ದವು. ಅವು ಪ್ರಾರ್ಥನೆಗೆ ನಿಂತಿರಲಿಲ್ಲ, ನಡೆಯುತ್ತಿದ್ದವು.

ಲ್ಯಾಪ್‌ಟಾಪನ್ನು ಪಕ್ಕದ ಸ್ಟೂಲಿಗೆ ವರ್ಗ ಮಾಡಿದೆ. ಅದಿದ್ದ ಜಾಗದಲ್ಲಿ ನನ್ನ ಬಿ.ಎಡ್. ಕಾಲದ ಪಾಠಯೋಜನೆಯ ಪುಸ್ತಕವನ್ನು ನಿಲ್ಲಿಸಿ, ಬೆನ್ನಿಗೆ ಅಕ್ಕಿಯ ಡಬ್ಬಿಯ ಆಸರೆ ಕೊಟ್ಟು, ಈಚೆಯ ಗಟ್ಟಿ ರಟ್ಟನ್ನು ಪೇಟಿಯ ತಿದಿಯಂತೆ ಆಡಲು ಸಡಿಲ ಬಿಟ್ಟೆ. ಆ ಪುಸ್ತಕ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮಾಸ್ತರ ಎಡಗೈ ರಟ್ಟನ್ನು ಹುಡುಕಿಕೊಂಡಿತು. ಫಟ್, ಫಟ್. ರಟ್ಟು ಒತ್ತುವಾಗ ಅವರ ಹೆಗಲು ಬಾಗುತ್ತಿತ್ತು, ಹೆಗಲ ಜೊತೆ ಬಲಗೈ ಭಾರವಾಗುತ್ತಿತ್ತು. ರಟ್ಟು ಬಿಟ್ಟಾಗ ಬೆರಳು ಹಗುರವಾಗುತ್ತಿತ್ತು, ಅವರು ಉಸಿರು ಎಳೆದುಕೊಳ್ಳುತ್ತಿದ್ದರು. ಅದೇ ಉಸಿರಿನಲ್ಲಿ ಹಾಡು ಹೊರಟಿತು. ಪರದೆಯ ಮೇಲೆ ಸ್ವರಗಳ ತೂಕ ತೋರಿಸುವ ಗೆರೆಗಳು ಒಂದು ಏರಿ ಒಂದು ಇಳಿದು ಬರುವುದನ್ನು ನೋಡುತ್ತ ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತೆ. ಗಾಳಿಯ ಹಂಗೇ ಇಲ್ಲದ ವಾದ್ಯಕ್ಕೆ ಅವರು ಗಾಳಿ ಹಾಕಿದರು, ಅದು ಉಸಿರಾಡಿತು. ಕೊನೆಯ ಸಾಲಿಗೆ ದನಿ ಒಡೆಯಿತು, ಆದರೆ ಪದ ಮುಗಿದಿತ್ತು.

ಸೋಮವಾರ ಕೇಳಿದರೆ ಹಾಡಿನ ತುಂಬ ರಟ್ಟಿನ ಸಪ್ಪಳ. ಅದನ್ನು ಸೋಸಿ ತೆಗೆಯುವ ಸಾಧನವೂ ನನ್ನಲ್ಲಿದೆ. ತೆಗೆದೆ. ಹಾಡು ಚೊಕ್ಕಟವಾಯಿತು, ಯಾಕೋ ಮಾಸ್ತರು ಎದ್ದು ಹೋದ ಹಾಗಾಯಿತು. ಇಡುವುದೋ ಬಿಡುವುದೋ ತಿಳಿಯದೆ ಎರಡನ್ನೂ ಫೋನಿಗೆ ಹಾಕಿಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಒಂದು ತಿಂಗಳು ಮಾತು ಬಂದ್, ಮೇಲಿನ ಸ್ವರಗಳ ಆಸೆ ಬಿಡಬೇಕು ಎಂದರು ಡಾಕ್ಟರು. ದೇವದುರ್ಗಕ್ಕೆ ಹೋಗಿ ಅವರ ಮಂಚದ ತುದಿಯಲ್ಲಿ ಕೂತು ಎರಡನ್ನೂ ಕೇಳಿಸಿದೆ. ಚೊಕ್ಕಟವಾದದ್ದಕ್ಕೆ ಸುಮ್ಮನೆ ತಲೆಯಾಡಿಸಿದರು. ಸಪ್ಪಳದ್ದು ಶುರುವಾದೊಡನೆ ಹೊದಿಕೆಯ ಮೇಲಿದ್ದ ಎಡಗೈ ಗಾಳಿ ಹಾಕುವಂತೆ ಆಡತೊಡಗಿತು. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಈ ಕೈ ನನ್ನನ್ನು ಪೇಟಿಯ ಮುಂದೆ ಕೂರಿಸಿದ್ದಕ್ಕೆ, ಆ ಭಾನುವಾರ ನಮಗೆ ಸಿಕ್ಕಿದ್ದಕ್ಕೆ, ಆ ಕೆಲಸಕ್ಕೆ ಬಾರದ ಪುಸ್ತಕಕ್ಕೆ ಸಹ ನಾನು ಋಣಿ.

ಮಾಸ್ತರು ಮಾತಾಡುವ ಹಾಗಿರಲಿಲ್ಲ. ಕೈಸನ್ನೆ ಮಾಡಿ ಹಾಳೆ ತರಿಸಿಕೊಂಡು ಬರೆದರು. "ಸಪ್ಪಳ ತಗೀಬ್ಯಾಡ. ಕಂಠ ಹೋದ್ರ ಹೋಗವಲ್ದ್ಯಾಕ, ಈ ಕೈ ಅದ. ಇನ್ನ ಮ್ಯಾಲ ನೀ ಹಾಡು, ನಾ ಗಾಳಿ ಹಾಕ್ತೀನಿ."

ಹೊಸ ಪಿಯಾನೊ ಹುಡುಕುವುದನ್ನು ಬಿಟ್ಟಿದ್ದೇನೆ. ಈಗ ಭಾನುವಾರ ಮಾಸ್ತರು ಬರುತ್ತಾರೆ. ನಮ್ಮ ಮನೆಯವರು ಓಣಿಯವರ ಮೇಲಿನ ದಯೆಯಿಂದ ಕಿಟಕಿ ಮುಚ್ಚುತ್ತಾರೆ. ನಾನು ತಲೆಯೆತ್ತಿ ಕೂರುತ್ತೇನೆ, ದನಿ ನಡುಗುತ್ತದೆ. ಪಕ್ಕದಲ್ಲಿ ರಟ್ಟು ಫಟ್ ಎನ್ನುತ್ತದೆ, ನಾನು ಉಸಿರು ತೆಗೆದುಕೊಳ್ಳುತ್ತೇನೆ.